ಟರ್ಬೋದ ಬಾಯಿಗೆ ಬಿದ್ದ ಉಡಿ

ಇಲ್ಲಪ್ಪ, ನೀನು ಹಾಗೆ ತಲೆ ಅಲ್ಲಾಡಿಸುತ್ತ ಕುಳಿತರೆ ಹೇಳುವುದೇ ಬೇಡ. ಮುಂಬಯಿ ಹತ್ತಿರದ ಕಳವಾ ಎಂಬ ಊರಿನ ಒಂದು ಚಾಳಿನಲ್ಲಿ, ತಗಡಿನ ಪತ್ರಾ ಶೆಡ್ಡಿನಲ್ಲಿ ಕುಳಿತ ಮನುಷ್ಯ ಗಂಟೆಗೆ ಇನ್ನೂರ ಮೂವತ್ತು ಕಿಲೋಮೀಟರ್ ಓಡುವ ಇಂಜಿನ್ ಕಟ್ಟುತ್ತಾನೆ ಎಂದರೆ ನೀನು ನಂಬುವುದಿಲ್ಲ. ಆ ಮನುಷ್ಯ ತನ್ನ ಸ್ಕೂಟರನ್ನು ಜನ್ಮದಲ್ಲಿ ನಲವತ್ತರ ಮೇಲೆ ಓಡಿಸಿಲ್ಲ ಎಂದರೆ ಮಾತ್ರ ತಕ್ಷಣ ನಂಬುತ್ತೀಯ. ಎರಡೂ ಒಬ್ಬನ ಮಾತೇ. ಅವನ ಹೆಸರು ಮಾನಪ್ಪ. ವೇಗ ಅಂದರೆ ಅವನಿಗೆ ಕೈಕಾಲು ನಡುಗುತ್ತವೆ, ಆದ್ದರಿಂದಲೇ ಅವನು ಕಟ್ಟಿದ ಇಂಜಿನ್ ನಡುಗುವುದಿಲ್ಲ. ಬೇಕಾದರೆ ಈ ಮಾತನ್ನು ಬಿಡು, ಮುಂದಿನದನ್ನು ಕೇಳು.

ಮಾನಪ್ಪ ಸಿಂದಗಿ ಕಡೆಯವನು. ಹದಿನೇಳನೇ ವಯಸ್ಸಿಗೆ ಮುಂಬಯಿ ಕಡೆಯ ಕಲ್ಯಾಣಕ್ಕೆ ಬಂದು ಬಜಾರಿನಲ್ಲಿ ಚೀಲ ಹೊತ್ತ. ಎದುರಿಗೆ ಲಾರಿ ಕೆಟ್ಟು ನಿಂತಿತೋ, ಬೆನ್ನ ಮೇಲಿನ ಈರುಳ್ಳಿ ಚೀಲವನ್ನು ಅಲ್ಲೇ ಇಳಿಸಿ ಬಾನೆಟ್ಟಿನೊಳಗೆ ತಲೆ ಹಾಕುವ ಚಟ ಅವನಿಗೆ. ಹಮಾಲರ ಮುಕಾದಮ ಬೈದು ಬೈದು ಸಾಕಾಗಿ, ಪಕ್ಕದ ಗ್ಯಾರೇಜಿನ ಮೋಹನದಾಸ ಉಸ್ತಾದನಿಗೆ ಅವನನ್ನು ಒಪ್ಪಿಸಿಬಿಟ್ಟ. ಮೋಹನದಾಸನ ಕೆಲಸ ಲಾರಿಗಳ ಟರ್ಬೋ ರಿಪೇರಿ.

ಟರ್ಬೋ ಎಂದರೆ ದೊಡ್ಡ ವಿದ್ಯೆಯೇನಲ್ಲ. ಬಸವನಹುಳುವಿನ ಚಿಪ್ಪಿನಂಥ ಎರಡು ಲೋಹದ ಚಿಪ್ಪು, ನಡುವೆ ಒಂದು ಸಣ್ಣ ಅಚ್ಚು, ಅಚ್ಚಿನ ಎರಡು ತುದಿಗೆ ಎರಡು ಚಕ್ರ. ಇಂಜಿನ್ ಬಿಟ್ಟ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಆಗ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಎಳೆದು ಇಂಜಿನ್ನಿನ ಗಂಟಲಿಗೆ ತುರುಕುತ್ತದೆ. ಹೆಚ್ಚು ಗಾಳಿ ಸಿಕ್ಕರೆ ಹೆಚ್ಚು ಪೆಟ್ರೋಲು ಸುಡಬಹುದು, ಸಣ್ಣ ಇಂಜಿನ್ನಿಗೆ ದೊಡ್ಡದರ ಬಲ ಬರುತ್ತದೆ. ಆದರೆ ಆ ಚಕ್ರ ನಿಮಿಷಕ್ಕೆ ಲಕ್ಷದ ಮೇಲೆ ಸುತ್ತುತ್ತದೆ. ಲಕ್ಷ ಎಂದರೆ ಲಕ್ಷವೇ, ಇದರಲ್ಲಿ ನನ್ನ ಒಗ್ಗರಣೆ ಇಲ್ಲ.

ಮಾನಪ್ಪನ ಕಿವಿಯ ಮಾತಿನಲ್ಲಿ ಬೇಕಾದರೆ ಸ್ವಲ್ಪ ಒಗ್ಗರಣೆ ಇದೆ ಅಂತಿಟ್ಟುಕೋ. ಕಳವಾ ಕಾರ್‌ಶೆಡ್ಡಿನ ಗೋಡೆಯಾಚೆ ಲೋಕಲ್ ರೈಲು ಹೊರಟರೆ ಇವನು ಇತ್ತ ಚಹಾ ಕುಡಿಯುತ್ತ, ಆರನೇ ಡಬ್ಬಿಯ ಎಡಗಾಲಿಯ ಬೇರಿಂಗು ಅಳುತ್ತಿದೆ ಎಂದು ಹೇಳುತ್ತಿದ್ದ. ಒಮ್ಮೆ ರೈಲ್ವೆಯವನೊಬ್ಬ ಹಾಗೇ ನೋಡೋಣವೆಂದು ಹೋಗಿ ಬಿಚ್ಚಿ ನೋಡಿದನಂತೆ. ಬಲಗಾಲಿಯದಾಗಿತ್ತು. ಮಾನಪ್ಪ ಆವತ್ತು ಗಾಡಿಯ ಆ ಕಡೆಗೆ ಕುಳಿತಿದ್ದನಂತೆ, ಅಷ್ಟೇ.

ಆದರೆ ಹೆದರಿಕೆ ಹುಟ್ಟಿದ್ದು ಹೀಗೆ. ಕಲ್ಯಾಣದ ಗ್ಯಾರೇಜಿನಲ್ಲಿ ಒಂದು ದಿನ ಯಾರೋ ಲಾರಿಯ ಗಾಳಿ ಪೈಪಿನಲ್ಲಿ ಒಂದು ವಾಷರ್ ಬಿಟ್ಟಿದ್ದರು. ಜೋಳದ ಕಾಳಿಗಿಂತ ಕೊಂಚ ದೊಡ್ಡದು. ಮೋಹನದಾಸ ಪಕ್ಕದಲ್ಲಿ ಬಗ್ಗಿ ನಿಂತು, ರೇಸ್ ಕೊಡು ಎಂದ. ಡ್ರೈವರ್ ಕೊಟ್ಟ. ಸೀಟಿಯಂಥ ಸದ್ದು ಏರುತ್ತ ಏರುತ್ತ ಹೋಗಿ ಫಟ್ಟೆಂದಿತು. ಚಕ್ರ ಚೂರಾಗಿ, ಒಂದು ಚೂರು ಚಿಪ್ಪನ್ನೇ ಸೀಳಿಕೊಂಡು ಮೇಲಿನ ಪತ್ರಾದಲ್ಲಿ ತೂತು ಹೊಡೆದು ಹೋಯಿತು. ಆ ತೂತಿಗೆ ಹೋಗುವ ಮುಂಚೆ ಉಸ್ತಾದನ ಎಡಗಿವಿಯ ಹಾಲೆಯನ್ನೂ ತೆಗೆದುಕೊಂಡು ಹೋಗಿತ್ತು. ಸೀಳಿದ ಪೈಪಿನ ಎಣ್ಣೆ ಕಾದ ಕಬ್ಬಿಣಕ್ಕೆ ಬಿದ್ದು ಭಗ್ಗೆಂದು ಹತ್ತಿಕೊಂಡಿತು. ಬೆಂಕಿ ಆರಿಸಿ, ಕಿವಿಗೆ ಬಟ್ಟೆ ಒತ್ತಿಕೊಂಡು ಮೋಹನದಾಸ ಒಂದೇ ಮಾತು ಹೇಳಿದ. ಬೆರಳು ಹಾಕಿ ನೋಡದೆ ಯಾವ ಬಾಯಿಯನ್ನೂ ಮುಚ್ಚಬೇಡ.

ಮೂವತ್ತು ವರ್ಷ ಮಾನಪ್ಪ ಆ ಮಾತನ್ನು ಮುರಿಯಲಿಲ್ಲ. ಕಳವಾಕ್ಕೆ ಬಂದು ಮನೆಗೆ ಹತ್ತಿಕೊಂಡೇ ಸ್ವಂತ ಶೆಡ್ಡು ಹಾಕಿದ. ಲಾರಿಗಳಿಂದ ಕಾರುಗಳಿಗೆ ಬಂದ. ಸಣ್ಣ ಪೆಟ್ರೋಲ್ ಕಾರಿನ ಇಂಜಿನ್ ಬಿಚ್ಚಿ, ಗಟ್ಟಿ ಪಿಸ್ಟನ್ನು ಗಟ್ಟಿ ರಾಡು ಕೂಡಿಸಿ, ತಾನೇ ಪೈಪು ಬಗ್ಗಿಸಿ ಟರ್ಬೋ ಕೂಡಿಸುವ ಕೆಲಸಕ್ಕೆ ನವಿ ಮುಂಬಯಿಯಿಂದಲೂ ಜನ ಬರತೊಡಗಿದರು. ತೆರೆದ ಬಾಯಿಗಳಿಗೆಲ್ಲ ಅವನು ಹೆಂಡತಿ ಸಾಬವ್ವನ ಹಳೇ ಸೀರೆಯ ಚಿಂದಿ ತುರುಕುತ್ತಿದ್ದ. ಮುಚ್ಚುವಾಗ ಚಿಂದಿ ತೆಗೆದು, ಬೆರಳು ಹಾಕಿ, ಆಮೇಲೆ ಕ್ಲಿಪ್ಪು ಬಿಗಿಯುತ್ತಿದ್ದ.

ಹೀಗಿರುವಾಗ ಅಶ್ಮಿತಾ ಬಂದಳು. ಠಾಣೆಯ ಕೋಪರಿಯಲ್ಲಿ ಹೋಟೆಲ್ ನಡೆಸುವ ಉಡುಪಿ ಕಡೆಯ ಮುಂಡಪ್ಪನ ಮಗಳು. ಇಪ್ಪತ್ತಾರು ವರ್ಷ, ಸ್ಪರ್ಧೆಗಳಲ್ಲಿ ಕಾರು ಓಡಿಸುವ ಹುಚ್ಚು. ಅವಳ ಜೊತೆ ಮುಂಡಪ್ಪನೂ ಬಂದು ಶೆಡ್ಡಿನ ಸ್ಟೂಲಿನ ಮೇಲೆ ತುದಿಯಲ್ಲಿ ಕುಳಿತ.

"ಇವಳನ್ನು ನಿಲ್ಲಿಸ್ಲಿಕ್ಕೆ ನನ್ನಿಂದ ಆಗುದಿಲ್ಲ ಮಾರ್ರೆ," ಎಂದ ಮುಂಡಪ್ಪ. "ಓಡಿಸುದು ಅವಳು. ಇಂಜಿನ್ ಮಾತ್ರ ನಿಮ್ಮದು. ನನಗೆ ರಾತ್ರಿ ನಿದ್ದೆ ಬರ್ಬೇಕು, ಅಷ್ಟು ಮಾಡಿ."

"ನನಗ ನಿದ್ದಿ ಬಂದ್ರ ನಿಮಗೂ ಬರತದ್ರಿ," ಎಂದ ಮಾನಪ್ಪ.

ಐದು ತಿಂಗಳು ಅವನಿಗೆ ನಿದ್ದೆ ಬರಲಿಲ್ಲ ಅನ್ನು. ಅಶ್ಮಿತಾ ವಾರಕ್ಕೆ ಮೂರು ದಿನ ಬಂದು ತಾನೂ ಪಾನಾ ಹಿಡಿದು ನಟ್ಟು ಬಿಗಿಯುತ್ತಿದ್ದಳು, ಮಧ್ಯಾಹ್ನ ಸಾಬವ್ವನ ರೊಟ್ಟಿ ತಿನ್ನುತ್ತಿದ್ದಳು. ಸಾಬವ್ವನಿಗೆ ಇಬ್ಬರು ಗಂಡುಮಕ್ಕಳು, ಇಬ್ಬರೂ ಫ್ಯಾಕ್ಟರಿಯ ಪಾಳಿಯಲ್ಲಿ. ಮನೆಯಲ್ಲಿ ಹೆಣ್ಣುಮಗಳೊಬ್ಬಳು ಕುಳಿತು ಉಪ್ಪಿನಕಾಯಿ ಕೇಳುವುದು ಅವಳಿಗೆ ಹೊಸದು. ಕಾರೂ ಅಂಗಳದಲ್ಲಿ ನಿಂತು ನಿಂತು ಮನೆಯದೇ ಆಯಿತು. ಬೆಳಿಗ್ಗೆ ರಂಗೋಲಿ ಹಾಕುವಾಗ ಅದರ ಗಾಲಿಯ ಮುಂದೂ ಒಂದು ಎಳೆ ಎಳೆಯುತ್ತಿದ್ದಳು.

ಒಂದು ದಿನ ಸಾಬವ್ವ ಟರ್ಬೋದ ತೆರೆದ ಬಾಯಿ ತೋರಿಸಿ ಕೇಳಿದಳು. "ಇದೇನ್ರಿ, ಇಷ್ಟು ಅಗಲ ಬಾಯಿ?"

ಮಾನಪ್ಪನಿಗೆ ಅವತ್ತು ಹುರುಪು. "ಇದ ಇದರ ಹೊಟ್ಟಿ. ಇಲ್ಲೆ ಹಾಕಿದ್ದೆಲ್ಲಾ ಒಳಗ ಮುಟ್ಟತದ," ಎಂದ. ಸಾಬವ್ವ ಹೌದೇನು ಎಂದು ಒಳಗೆ ಹೋದಳು. ಆ ಮಾತನ್ನು ಅವನು ಅಲ್ಲೇ ಮರೆತ. ಅವಳು ಮರೆಯಲಿಲ್ಲ.

ಇಂಜಿನ್ನಿನ ಪೆಟ್ರೋಲು, ಕಿಡಿ, ಗಾಳಿ ಎಲ್ಲವನ್ನೂ ಲ್ಯಾಪ್‌ಟಾಪಿನಲ್ಲಿ ಹೊಂದಿಸಿದವನು ರಬಾಳೆಯ ಸೂರಜ್. ಮರಾಠಿ ಹುಡುಗ, ಮೂವತ್ತರ ಆಸುಪಾಸು, ಶೆಡ್ಡಿಗೆ ಬಂದು ಬಂದು ಅರೆಬರೆ ಕನ್ನಡ ಕಲಿತವನು. ಎಲ್ಲ ಸರಿಯಾದ ಮೇಲೆ ಓಟದ ದಿನ ಗೊತ್ತಾಯಿತು. ಉರಣ ದಾರಿಯ ಒಂದು ದೊಡ್ಡ ಕಂಟೈನರ್ ಯಾರ್ಡು ಭಾನುವಾರ ಖಾಲಿ ಇರುತ್ತದೆ. ಉದ್ದಕ್ಕೆ ಕಾಂಕ್ರೀಟು. ಅಲ್ಲಿ ಪರವಾನಗಿ ತೆಗೆದು ಒಂದೊಂದೇ ಕಾರು ಬಿಡುತ್ತಾರೆ, ಎಷ್ಟು ವೇಗ ಬಂತು ಎಂದು ಅಳೆಯುತ್ತಾರೆ. ಅಶ್ಮಿತಾಳ ಪಾಳಿ ಹತ್ತು ಗಂಟೆಗೆ.

ಭಾನುವಾರ ಬೆಳಿಗ್ಗೆ ಏಳಕ್ಕೆ ಸೂರಜ್ ಕಾರು ಹೇರುವ ಗಾಡಿ ತಂದ. ಆ ಹೊತ್ತಿಗೆ ಮಾನಪ್ಪ ಗಾಳಿ ಫಿಲ್ಟರ್ ಬಿಚ್ಚಿ, ಟರ್ಬೋದ ಚಕ್ರವನ್ನು ಕೊನೆಯ ಸಲ ಬೆರಳಿನಿಂದ ತಿರುಗಿಸಿ ನೋಡಿ, ಎರಡೇ ನಿಮಿಷವೆಂದು ಬಾಯಿಗೆ ಚಿಂದಿ ತುರುಕದೆ ಫಿಲ್ಟರ್ ಒರೆಸಲು ನಲ್ಲಿಯ ಕಡೆ ಹೋಗಿದ್ದ. ಮರಳಿ ಬರುವಷ್ಟರಲ್ಲಿ ಗಲ್ಲಿಯಲ್ಲಿ ಗಲಾಟೆ. ನೀರು ಬರುವ ಹೊತ್ತು, ಕೊಡ ಹಿಡಿದ ಹೆಂಗಸರ ದಾರಿಗೆ ಅಡ್ಡವಾಗಿ ಆ ದೊಡ್ಡ ಗಾಡಿ ನಿಂತಿದೆ. ಒಬ್ಬಳು ಮರಾಠಿಯಲ್ಲಿ, ಒಬ್ಬಳು ಹಿಂದಿಯಲ್ಲಿ, ನಮ್ಮ ಕಲಬುರ್ಗಿಯ ಒಬ್ಬಳು ಕನ್ನಡದಲ್ಲಿ, ಮೂರೂ ಭಾಷೆಯ ಬೈಗುಳಕ್ಕೆ ಸೂರಜ್‌ನ ಮುಂದಿನ ಮೂರು ತಲೆಮಾರು ಮುಗಿಯಿತು. "ಕಾಕಾ, ಲವಕರ್ ಕರಾ," ಬೇಗ ಮುಗಿಸಿ ಎಂದು ಅವನು ಅಂಗಲಾಚಿದ. ಮಾನಪ್ಪ ಅವಸರದಲ್ಲಿ ಫಿಲ್ಟರ್ ಕೂಡಿಸಿ ಕ್ಲಿಪ್ಪು ಬಿಗಿದ. ಕಾರು ಏರಿತು, ಹೋಯಿತು.

ಬೆರಳು ಹಾಕಲಿಲ್ಲ. ಮೂವತ್ತು ವರ್ಷದಲ್ಲಿ ಆ ಒಂದು ಸಲ.

ಎಂಟೂಕಾಲಿಗೆ ಸ್ನಾನ ಮುಗಿಸಿ ಅವನು ಚಹಾಕ್ಕೆ ಕುಳಿತ. ಸಾಬವ್ವ ಎದುರಿಗೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು.

"ಉಡಿ ತುಂಬಿ ಕಳಿಸೀನಿ. ಈಗ ಜೀವಕ್ಕ ತಣ್ಣಗಾತು ನೋಡ್ರಿ."

ನಮ್ಮ ಕಡೆ ಮಗಳು ತವರು ಬಿಟ್ಟು ಹೊರಟರೆ ಅವಳ ಸೆರಗಿಗೆ ಅಕ್ಕಿ, ಅಡಿಕೆ, ಉತ್ತತ್ತಿ ಹಾಕಿ ಕಳಿಸುತ್ತಾರೆ. ಬರಿಯ ಉಡಿಯಲ್ಲಿ ಹೋಗಬಾರದು.

"ಅಶ್ಮಿತಾಗ? ಆಕಿ ಕೋಪರಿಯಿಂದ ಸೀದಾ ಹೋಗ್ಯಾಳಲ್ಲ."

"ಗಾಡಿಗ್ರಿ. ಐದು ತಿಂಗಳು ಮನ್ಯಾಗ ಇದ್ದು ಹೊಂಟದ. ಐದು ಸಲ ಅಕ್ಕಿ, ಒಂದು ಉತ್ತತ್ತಿ, ಒಂದು ಬಟ್ಟಲಡಿಕಿ. ಅರಿಷಿಣ ಕೊಂಬು ಉದ್ದ ಆತು, ಬಿಟ್ಟೆ."

"ಎಲ್ಲಿ ಹಾಕಿದಿ? ಸೀಟಿನ ಮ್ಯಾಲೆ?"

"ಸೀಟಿಗೆ ಯಾರರ ಉಡಿ ತುಂಬ್ತಾರೇನು? ಇದ ಇದರ ಹೊಟ್ಟಿ ಅಂತ ನೀವ ತೋರಿಸಿದ್ರೆಲ್ಲ, ಅಲ್ಲೆ. ಬಾಯಿ ತೆರದಿತ್ತು."

ಬೇರೆಯವರ ಕಥೆಯಲ್ಲಾದರೆ ಈಗ ಚಹಾ ಕಪ್ಪು ಬೀಳುತ್ತದೆ. ಮಾನಪ್ಪ ಅದನ್ನು ಬಹಳ ಮೆಲ್ಲಗೆ ಕೆಳಗಿಟ್ಟ. ಆಮೇಲೆ ಅವನ ಎಡಗೈ ತಾನಾಗಿಯೇ ಎಡಗಿವಿಯ ಹಾಲೆಯನ್ನು ಹಿಡಿದುಕೊಂಡಿತು.

ಸೂರಜ್‌ಗೆ ಫೋನು ಹಚ್ಚಿದ. ಬಂದ್. ಲ್ಯಾಪ್‌ಟಾಪ್ ತೆಗೆದನೆಂದರೆ ಆ ಹುಡುಗ ಫೋನು ಬಂದ್ ಮಾಡಿ ಚೀಲಕ್ಕೆ ಹಾಕುವವನು. ಅಶ್ಮಿತಾಗೆ ಹಚ್ಚಿದ. ಗಂಟೆ ಹೊಡೆಯುತ್ತಲೇ ಇತ್ತು. ಓಟದ ದಿನ ಅವಳ ಫೋನು ಕೂಡ ಸೂರಜ್‌ನ ಚೀಲದಲ್ಲೇ. ಮುಂಡಪ್ಪನಿಗೆ ಹಚ್ಚಲು ಹೋಗಿ ಹೆಸರಿನ ಮೇಲೆ ಬೆರಳಿಟ್ಟು ನಿಂತ. ಏನು ಹೇಳುವುದು? ನಿಮ್ಮ ಮಗಳ ಇಂಜಿನ್ನಿನಲ್ಲಿ ಅಡಿಕೆ ಇದೆ ಎಂದೇ? ಬೆರಳು ತೆಗೆದ.

"ಏನಾತ್ರಿ? ಹೇಳ್ರಿ," ಎಂದಳು ಸಾಬವ್ವ.

"ಆ ಅಡಿಕಿ ಆ ಚಕ್ರಕ್ಕ ಬಡದ್ರ ಚಕ್ರ ಒಡೀತದ. ಒಡದ್ರ ಎಣ್ಣಿ ಸಿಡೀತದ, ಬೆಂಕಿ ಹತ್ತತದ. ಆಕಿ ಇನ್ನೂರರ ಮ್ಯಾಲೆ ಇರ್ತಾಳ."

ಸಾಬವ್ವ ಎದ್ದು ಚಪ್ಪಲಿ ಹಾಕಿಕೊಂಡಳು.

ರೈಲಿಗೆ ಹೋಗೋಣವೆಂದರೆ ಭಾನುವಾರದ ಮೆಗಾಬ್ಲಾಕು, ಹಳಿ ರಿಪೇರಿಗೆಂದು ಲೋಕಲ್ ಬಂದ್. ರಿಕ್ಷಾದವನು ಅಷ್ಟು ದೂರ ಬರುವುದಿಲ್ಲ ಎಂದ. ಉಳಿದದ್ದು ಸ್ಕೂಟರು. ಇಬ್ಬರೂ ಕುಳಿತರು. ಸಾಬವ್ವನ ಕೈಯಲ್ಲಿ ಉಡಿಯ ಅಕ್ಕಿ ಉಳಿದ ಸ್ಟೀಲ್ ಡಬ್ಬಿ. ಗಾಬರಿಯಲ್ಲಿ ಅದನ್ನು ಕೆಳಗಿಡುವುದೂ ಮರೆತಿದ್ದಳು.

ವಿಟಾವಾದ ತಗ್ಗು ಸೇತುವೆಯ ಕೆಳಗೆ ಮಾನಪ್ಪ ನಲವತ್ತು ದಾಟಿದ. ಐರೋಲಿಯಲ್ಲಿ ಐವತ್ತು. ರಬಾಳೆ, ತುರ್ಭೆ ಕಡೆ ಕಂಟೈನರ್ ಲಾರಿಗಳು ಪಕ್ಕದಲ್ಲಿ ಗೋಡೆಯ ಹಾಗೆ ಹೋಗುವಾಗ ಅರವತ್ತು. ಮುಳ್ಳು ಅಲ್ಲಿಂದ ಮೇಲೆ ಎಂದೂ ಹೋಗದೆ ತುಕ್ಕು ಹಿಡಿದು, ಅರವತ್ತಕ್ಕೇ ಅಂಟಿ ನಿಂತಿತು. ಆಮೇಲೆ ಎಷ್ಟರಲ್ಲಿ ಹೋದನೋ ಅವನಿಗೂ ಗೊತ್ತಿಲ್ಲ. ಬೇಲಾಪುರದಲ್ಲಿ ಒಂದು ಬಸ್ಸನ್ನು ಹಿಂದೆ ಹಾಕಿದನೆಂದು ಸಾಬವ್ವ ಹೇಳುತ್ತಾಳೆ. ಬಸ್ಸು ನಿಂತಿತ್ತು ಎಂದು ಮಾನಪ್ಪ ಹೇಳುತ್ತಾನೆ. ನನಗೆ ಸಾಬವ್ವನ ಮಾತೇ ಸರಿ ಅನಿಸುತ್ತದೆ.

ಅವನಿಗೆ ಕಣ್ಣಮುಂದೆ ರಸ್ತೆ ಕಾಣುತ್ತಿರಲಿಲ್ಲ. ಕಲ್ಯಾಣದ ಆ ಪತ್ರಾದ ತೂತು ಕಾಣುತ್ತಿತ್ತು, ತೂತಿನಿಂದ ಬಿದ್ದ ಬಿಸಿಲಿನ ಕೋಲು ಕಾಣುತ್ತಿತ್ತು. ಮನಸ್ಸು ಲೆಕ್ಕ ಹಾಕುತ್ತಿತ್ತು. ಅಕ್ಕಿ ಮೆತ್ತಗೆ, ನುಚ್ಚಾಗಿ ಒಳಗೆ ಹೋಗಬಹುದು. ಉತ್ತತ್ತಿ ಪೈಪಿನ ತಿರುವಿನಲ್ಲಿ ಸಿಕ್ಕಿಕೊಳ್ಳಬಹುದು. ಅಡಿಕೆ? ಅಡಿಕೆ ಕಲ್ಲು. ಇಂಜಿನ್ ಸುಮ್ಮನೆ ಗುರುಗುಡುವಾಗ ಅದು ಕೆಳಗೆ ಬಿದ್ದುಕೊಂಡಿರುತ್ತದೆ. ಕಾಲು ಒತ್ತಿದ ಮೇಲೆ ಗಾಳಿ ಅದನ್ನು ಎತ್ತುತ್ತದೆ. ಅವಳು ಕಾಲು ಒತ್ತುವುದು ಹಸಿರು ದೀಪ ಬಂದಾಗ. ಬೆನ್ನ ಹಿಂದಿನಿಂದ ಸಾಬವ್ವ ಒಂದೇ ಸಮನೆ ಏನೋ ಅನ್ನುತ್ತಿದ್ದಳು. ದೇವರ ಹೆಸರಿರಬೇಕು ಅಂದುಕೊಂಡ. ಕೆಂಪು ದೀಪಕ್ಕೆ ನಿಂತಾಗ ಕೇಳಿಸಿತು. "ನಾ ಹಾಕೀನಿ, ನಾ ಹಾಕೀನಿ" ಎನ್ನುತ್ತಿದ್ದಳು.

ಯಾರ್ಡಿನ ಗೇಟು ಮುಟ್ಟಿದಾಗ ಹತ್ತಕ್ಕೆ ಆರು ನಿಮಿಷ. ವಾಚಮನ್ ಕೈ ಅಡ್ಡ ಹಿಡಿದ. "ಪಾಸ್ ದಿಖಾವ್."

ಮಾನಪ್ಪನಿಗೆ ಗೋಡೆಯಾಚೆ ತನ್ನ ಇಂಜಿನ್ ಕೇಳಿಸಿತು. ಐದು ತಿಂಗಳು ಕಟ್ಟಿದ ಸದ್ದು, ಇನ್ನೂರು ಇಂಜಿನ್ನಿನ ನಡುವೆಯೂ ಗುರುತು ಹಿಡಿಯುತ್ತಿದ್ದ. ಗುರುಗುಡುತ್ತಿತ್ತು. ಆ ಗುರುಗುಡುವಿಕೆಯ ಅಡಿಯಲ್ಲಿ ಇನ್ನೊಂದು ಸಣ್ಣ ಸದ್ದಿತ್ತು. ಟಿಕ್. ಟಿಕ್. ಟಿಕ್.

"ಮೇರೀ ಬೇಟೀ ಕಾ ಪ್ರೋಗ್ರಾಮ್ ಹೈ," ನನ್ನ ಮಗಳ ಕಾರ್ಯಕ್ರಮ ಎಂದು ಸಾಬವ್ವ ಡಬ್ಬಿಯ ಮುಚ್ಚಳ ತೆಗೆದು ವಾಚಮನ್‌ನ ಮೂಗಿನ ಕೆಳಗೆ ಹಿಡಿದಳು. ಅರಿಷಿಣ ಹಚ್ಚಿದ ಅಕ್ಕಿ. ಅವನು ಮದುವೆಯ ಮನೆಯವರೇನೋ ಎಂದು ಗೊಂದಲದಲ್ಲಿ ಅಕ್ಕಿ ನೋಡುತ್ತಿದ್ದಾಗ ಮಾನಪ್ಪ ಅವನ ಕೈಯ ಕೆಳಗಿನಿಂದ ನುಸುಳಿದ.

ಕಾರು ಗೆರೆಯ ಮೇಲಿತ್ತು. ಪಕ್ಕದಲ್ಲಿ ಸೂರಜ್ ಲ್ಯಾಪ್‌ಟಾಪ್ ಮೇಲೆ ಬಗ್ಗಿದ್ದ, ಕಿವಿಗೆ ದಪ್ಪ ಮುಚ್ಚಳ. ಮಾನಪ್ಪ ಕೂಗಿದ. ಅವನಿಗೆ ಕೇಳಲಿಲ್ಲ. ದೀಪದ ಕಂಬದಲ್ಲಿ ಕೆಂಪು ಆರಿ ಹಳದಿ ಹತ್ತಿತು. ಅಶ್ಮಿತಾಳ ಹೆಲ್ಮೆಟ್ಟು ಒಂದು ಸಲ ಹಿಂದಕ್ಕೆ ಸರಿದು ನೇರವಾಯಿತು.

ಈಗ ನೀನು ನಗುತ್ತೀಯ. ನಗು. ರಸ್ತೆ ದಾಟಲು ಸಹ ಸಾಬವ್ವನ ಕೈ ಹಿಡಿಯುವ ಮನುಷ್ಯ ಅವನು. ಅಂಥವನು ಓಡಿಹೋಗಿ ಕಾರಿನ ಮುಂದೆ, ಎರಡು ಮೊಳ ದೂರದಲ್ಲಿ, ಎರಡೂ ಕೈ ಬಾನೆಟ್ಟಿನ ಕಡೆ ಚಾಚಿ ನಿಂತ. ಕಣ್ಣು ಮುಚ್ಚಿಕೊಂಡ. ತಾನೇ ಕಟ್ಟಿದ ಬಲ ಎಷ್ಟೆಂದು ಅವನಿಗಿಂತ ಚೆನ್ನಾಗಿ ಗೊತ್ತಿದ್ದವರು ಅಲ್ಲಿ ಯಾರೂ ಇರಲಿಲ್ಲ.

ಇಂಜಿನ್ ಒಂದು ಸಲ ಎದ್ದು, ಕೆಮ್ಮಿ, ಆರಿತು.

"ಕಾಕಾ," ಹೆಲ್ಮೆಟ್ಟು ಕಿತ್ತು ಅಶ್ಮಿತಾ ಇಳಿದಳು. ಮುಖ ಸುಣ್ಣದ ಹಾಗೆ. "ನಿಮಗೆ ಎಂತ ಹುಚ್ಚು ಹಿಡ್ದಿದೆಯಾ? ನನ್ನ ಕಾಲು ಅರ್ಧ ಒತ್ತಿತ್ತು. ಅರ್ಧ."

"ಪಾನಾ ಕೊಡು," ಎಂದ ಮಾನಪ್ಪ.

"ಪೆಹಲೇ ಬತಾವೋ ಏನಾಯ್ತು," ಎಂದ ಸೂರಜ್. "ನನ್ನ ಲ್ಯಾಪ್‌ಟಾಪ್‌ನಲ್ಲಿ ಸಬ್ ಓಕೆ ಇದೆ ಕಾಕಾ."

"ನಿನ್ನ ಲ್ಯಾಪ್‌ಟಾಪಿಗೆ ಕಿವಿ ಇಲ್ಲ. ಪಾನಾ ಕೊಡು."

ಕ್ಲಿಪ್ಪು ಬಿಚ್ಚಿ ಫಿಲ್ಟರ್ ತೆಗೆದ. ಬೆಳಿಗ್ಗೆ ಹಾಕದ ಬೆರಳನ್ನು ಈಗ ಹಾಕಿದ. ಉತ್ತತ್ತಿ ಅಂಚಿನಲ್ಲೇ ಸಿಕ್ಕಿಕೊಂಡಿತ್ತು. ಅದರ ಹಿಂದೆ, ಚಕ್ರದ ಮೂತಿಗೆ ತಗುಲಿ, ಬಟ್ಟಲಡಿಕೆ. ಅದನ್ನು ಹೊರಗೆ ತೆಗೆದು ಅಂಗೈ ಮೇಲಿಟ್ಟ. ಒಂದು ಮಗ್ಗುಲು ಹೆರೆದ ಹಾಗೆ ಚಪ್ಪಟೆಯಾಗಿತ್ತು. ಚಕ್ರದ ಎರಡು ರೆಕ್ಕೆಗಳ ತುದಿ ಮುಕ್ಕಾಗಿತ್ತು. ಬರೀ ಗುರುಗುಡುವಿಕೆಯಲ್ಲೇ ಅಷ್ಟು. ಮುಂದಿನ ಪೈಪು ಬಿಚ್ಚಿದರೆ ಹಳದಿ ನುಚ್ಚು ಸುರಿಯಿತು.

ಸೂರಜ್ ಚಕ್ರ ನೋಡಿದ, ಅಡಿಕೆ ನೋಡಿದ, ಲ್ಯಾಪ್‌ಟಾಪ್ ಮುಚ್ಚಿದ. ಅಶ್ಮಿತಾ ಗಾಲಿಯ ಪಕ್ಕ ಕಾಂಕ್ರೀಟಿನ ಮೇಲೆ ಕುಳಿತುಬಿಟ್ಟಳು.

"ಯಾರು ಹಾಕಿದ್ದು?" ಎಂದಳು.

"ನಾ ಬೆರಳು ಹಾಕಿ ನೋಡಲಿಲ್ಲವ್ವ. ತಪ್ಪು ನಂದು," ಎಂದ ಮಾನಪ್ಪ.

"ಸುಳ್ಳು ಹೇಳಬ್ಯಾಡ್ರಿ," ಎಂದಳು ಸಾಬವ್ವ. ಅಷ್ಟು ಹೊತ್ತು ಕಾರಿನ ಹಿಂದೆ ನಿಂತಿದ್ದವಳು ಮುಂದೆ ಬಂದಿದ್ದಳು. "ಹಾಕಿದಾಕಿ ನಾ. ಬರೀ ಉಡ್ಯಾಗ ಕಳಿಸಬಾರದು ಅಂತ ಹಾಕೀನಿ. ನಿನ್ನ ಕೊಲ್ಲಾಕ ಹಾಕಿಲ್ಲವ್ವ." ಅವಳ ಕೈಯ ಡಬ್ಬಿಯಲ್ಲಿ ಅಕ್ಕಿ ಗಲಗಲ ಅನ್ನುತ್ತಿತ್ತು.

ಮೈಕಿನಲ್ಲಿ ಅಶ್ಮಿತಾಳ ನಂಬರು ರದ್ದು ಎಂದು ಕೂಗಿದರು. ಐದು ತಿಂಗಳು ಕಾದ ಓಟ ಹೋಯಿತು. ಹಿಂದಿನ ಕಾರಿನವನು ಹಾರ್ನ್ ಹೊಡೆದ. ಅವಳು ತಲೆ ಎತ್ತಿ ನೋಡಿದಳು. ಮಾನಪ್ಪ ಇನ್ನೂ ಬಾನೆಟ್ಟು ಹಿಡಿದುಕೊಂಡಿದ್ದ. ಸಾಬವ್ವ ಅಳುವುದನ್ನು ನುಂಗಲು ಹೋಗಿ ಬಿಕ್ಕಳಿಸುತ್ತಿದ್ದಳು.

"ಕಾಕೀ," ಎಂದಳು ಅಶ್ಮಿತಾ, "ಅದು ಗಾಡಿಗೆ ಅಲ್ಲ ಅಲ್ವಾ? ಹುಡುಗಿಗೆ ಹಾಕುದು ಅಲ್ವಾ?"

"ಹೂಂ."

"ಮತ್ತೆ ನನಗೆ ಹಾಕಿ. ನನ್ನ ಈ ಡ್ರೆಸ್ಸಿಗೆ ಸೆರಗಿಲ್ಲ ಮಾರಾಯ್ತಿ." ಅವಳು ಸುತ್ತ ನೋಡಿ ಹೆಲ್ಮೆಟ್ಟನ್ನು ತಲೆಕೆಳಗೆ ಮಾಡಿ ಮಡಿಲಲ್ಲಿ ಹಿಡಿದಳು. "ಇದ್ರಲ್ಲಿ."

ಸಾಬವ್ವ ಐದು ಸಲ ಅಕ್ಕಿ ಹಾಕಿದಳು. ಎಣಿಸುತ್ತ ಹಾಕಿದಳು, ಮೂರನೆಯದು ನೆಲಕ್ಕೆ ಚೆಲ್ಲಿದ್ದಕ್ಕೆ ಅದನ್ನು ಮತ್ತೆ ಹಾಕಿದಳು. ಸೂರಜ್ ಆ ಮುಕ್ಕಾದ ಅಡಿಕೆಯನ್ನೂ ಹಾಕಲು ಹೋದ. ಅದನ್ನು ಮಾನಪ್ಪ ಕೊಡಲಿಲ್ಲ.

ಮುಂಡಪ್ಪನಿಗೆ ಗಾಡಿ ಸ್ವಲ್ಪ ಕೆಟ್ಟಿತೆಂದು ಮಾತ್ರ ಹೇಳಿದರು. ಆ ರಾತ್ರಿ ಅವನು ಚೆನ್ನಾಗಿ ನಿದ್ದೆ ಮಾಡಿದ. ಮಾನಪ್ಪನಿಗೆ ನಾಲ್ಕು ದಿನ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಹಳದಿ ದೀಪ. ಆರು ವಾರದ ಮೇಲೆ ಹೊಸ ಚಕ್ರ ಕೂಡಿಸಿ, ಬೆರಳು ಹಾಕಿ, ಸಾಬವ್ವನ ಬೆರಳೂ ಹಾಕಿಸಿ, ಆಮೇಲೆ ಮುಚ್ಚಿದ. ಅಶ್ಮಿತಾ ಓಡಿಸಿದಳು. ಇನ್ನೂರ ಮೂವತ್ತೊಂದು ಬಂತು. ಅವಳು ಮರಳಿ ಬರುವ ತನಕ ಇವನು ಗೇಟಿನ ಹೊರಗೆ ವಾಚಮನ್‌ನ ಕುರ್ಚಿಯಲ್ಲಿ ಬೆನ್ನು ತಿರುಗಿಸಿ ಕುಳಿತಿದ್ದ.

ಮತ್ತೆ ತಲೆ ಅಲ್ಲಾಡಿಸಿದೆಯಾ? ಅಡಿಕೆ ಇನ್ನೂ ಇದೆ ಕಣಪ್ಪ, ಅವನ ಪಾನಾ ಡಬ್ಬಿಯಲ್ಲಿ. ಪ್ರತಿ ಇಂಜಿನ್ ಮುಚ್ಚುವ ಮುಂಚೆ ಅದನ್ನು ತೆಗೆದು ಎದುರಿಗೆ ಇಟ್ಟುಕೊಳ್ಳುತ್ತಾನೆ. ನಾನು ಕಣ್ಣಾರೆ ನೋಡಿದ್ದೇನೆ, ಒಂದು ಮಗ್ಗುಲು ಕನ್ನಡಿಯ ಹಾಗೆ ನುಣ್ಣಗೆ, ಅದರಲ್ಲಿ ನನ್ನ ಮೀಸೆ ಕಾಣುತ್ತಿತ್ತು. ಸರಿ, ಮೀಸೆ ಕಾಣಲಿಲ್ಲ ಅಂತಲೇ ಇಟ್ಟುಕೋ. ಆದರೆ ಆ ಟಿಕ್ ಟಿಕ್ ಸದ್ದನ್ನು ಅವನು ಗೋಡೆಯಾಚೆಯಿಂದ ಕೇಳಿದ್ದು ಮಾತ್ರ—

"ಮಾವಾ," ಒಳಗಿನಿಂದ ನನ್ನ ಸೊಸೆ ಗುರಮ್ಮ ಕರೆಯುತ್ತಿದ್ದಾಳೆ. "ಯಾರ ಜೋಡಿ ವಾದ ಹಾಕ್ಕೊಂತ ಕುಂತೀರಿ, ಅಲ್ಲೆ ಯಾರೂ ಇಲ್ಲ. ರೊಟ್ಟಿ ಆರಾಕತ್ತಾವ, ಊಟಕ್ಕ ಬರ್ರಿ."